ಫೋಟೊದಲ್ಲಿ ಅಳಿಸಿದ ಸಮಾಧಿ

ಹೋದ ವರ್ಷದ ಬೇಸಿಗೆಗೆ ನಾನು ಬೈಲಹೊಂಗಲದಲ್ಲಿ ರಿಯಲ್ ಎಸ್ಟೇಟ್ ಏಜೆಂಟನಾಗಿ ಇಪ್ಪತ್ತೆರಡು ವರ್ಷ ತುಂಬಿತ್ತು. ಮಾರುಕಟ್ಟೆ ರಸ್ತೆಯಲ್ಲಿ ಒಂದು ಖೋಲಿ, ಒಂದು ಮೇಜು, ನಾಲ್ಕು ಕುರ್ಚಿ, ಇಷ್ಟೇ ನನ್ನ ಕಚೇರಿ. ಪಕ್ಕದಲ್ಲಿ ಕುಡಗೋಲು, ಕೊಡಲಿ ಮಾರುವ ಅಂಗಡಿ. ನಮ್ಮ ತಂದೆ ಪಂಚಾಂಗ ನೋಡುತ್ತಿದ್ದರು, ನಾನು ಹೊಲದ ಉತಾರ, ಅಂದರೆ ಪಹಣಿ ನೋಡುತ್ತೇನೆ. ಜನ ಇಬ್ಬರಿಗೂ ಕೇಳುವುದು ಒಂದೇ ಪ್ರಶ್ನೆ, ದೋಷ ಏನಾದರೂ ಇದೆಯಾ ಎಂದು. ಹಾಗಾಗಿ ರೈತರು ನನ್ನನ್ನೂ ಆಚಾರ್ರು ಎಂದೇ ಕರೆಯುತ್ತಾರೆ.

ಆಸ್ತಿ ಮಾರುವ ವೆಬ್‌ಸೈಟುಗಳು ನಮ್ಮಂಥ ಏಜೆಂಟರ ಹೊಟ್ಟೆಯ ಮೇಲೆ ಹೊಡೆದವೇ ಎಂದು ಬಹಳ ಜನ ಕೇಳುತ್ತಾರೆ. ಹೌದು ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು. ಪುಣೆಯಲ್ಲಿ ಕುಳಿತವನು ಕಿತ್ತೂರಿನ ಬಳಿಯ ಪ್ಲಾಟು ನೋಡಿ ನನಗೆ ಫೋನ್ ಮಾಡುವುದು ಆ ವೆಬ್‌ಸೈಟುಗಳಿಂದಲೇ. ನಾನು ಬಿಸಿಲಲ್ಲಿ ಅಲೆದು ಗಿರಾಕಿ ತಂದ ಹೊಲವನ್ನು ಮಾಲೀಕ ಮರುದಿನವೇ ‘ಏಜೆಂಟರು ಬೇಡ’ ಎಂದು ಬರೆದು ಅಲ್ಲಿ ಹಾಕಿದ್ದೂ ಉಂಟು. ಆಗ ಮೈಯೆಲ್ಲ ಉರಿಯುತ್ತದೆ. ಆದರೆ ನಾನು ಹೇಳಹೊರಟಿರುವ ಪ್ರಕರಣದಲ್ಲಿ ನನ್ನ ಹೊಟ್ಟೆಪಾಡಿನ ಪ್ರಶ್ನೆ ಚಿಕ್ಕದು.

ಶಿವಾನಂದ ಯರಗಟ್ಟಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ. ಸಂಗೊಳ್ಳಿ ರಸ್ತೆಗೆ ಹೊಂದಿಕೊಂಡ ಎರಡು ಎಕರೆ ಅವನ ಪಾಲಿನ ಹೊಲ. ಅದನ್ನು ಮಾರಿ ಅಂಗಡಿ ದೊಡ್ಡದು ಮಾಡುವ ಆಸೆ ಅವನದು. ಅವರ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅಣ್ಣ ಮಲ್ಲಪ್ಪನೊಡನೆ ಪಾಲಾದಾಗ ಬೇವಿನ ಗಿಡದ ಕೆಳಗಿನ ತಾಯಿಯ ಸಮಾಧಿ ತಮ್ಮನ ಪಾಲಿಗೆ ಬಂದಿತ್ತು. ಅಣ್ಣ ಪ್ರತಿ ಅಮಾವಾಸ್ಯೆಗೆ ಹೋಗಿ ನೀರು ಹಾಕಿ, ಹೂವಿಟ್ಟು ಬರುತ್ತಿದ್ದ. ಇಂಥ ಹೊಲ ಮಾರುವಾಗ ಸಮಾಧಿಯ ಜಾಗವನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಬಿಟ್ಟು ಖರೀದಿ ಪತ್ರ ಬರೆಸುವುದು ನಮ್ಮ ಕಡೆಯ ರೂಢಿ. ಮೊದಲು ಅಣ್ಣನನ್ನು ಕರೆದುಕೊಂಡು ಬಾ ಎಂದು ನಾನು ಶಿವಾನಂದನಿಗೆ ಹೇಳಿದೆ.

‘ಅಂವಾ ಬಂದ್ರ ಮಾರಾಕ ಬಿಡಂಗಿಲ್ರಿ ಆಚಾರ್ರ’ ಎಂದು ಎದ್ದು ಹೋದವನು ವೆಬ್‌ಸೈಟಿಗೆ ಹೊಲದ ಫೋಟೊ ಏರಿಸಿದ. ಫೋನುಗಳೇನೋ ಸಾಕಷ್ಟು ಬಂದವು. ಕಡೆಗೆ ಧಾರವಾಡದ ಒಬ್ಬ ಗಿರಾಕಿ, ಕಾಗದಪತ್ರ ನೋಡಲು ಊರಿನ ಏಜೆಂಟ್ ಇದ್ದರೆ ಮಾತ್ರ ಮುಂದಿನ ಮಾತು ಎಂದನಂತೆ. ಹಾಗಾಗಿ ಒಂದು ಮಧ್ಯಾಹ್ನ ಶಿವಾನಂದ ಆ ಗಿರಾಕಿಯನ್ನೂ ಕರೆದುಕೊಂಡು ಮತ್ತೆ ನನ್ನ ಮುಂದೆಯೇ ಬಂದು ಕುಳಿತ. ಹಲ್ಲು ಕಿರಿದು ಫೋನಿನಲ್ಲಿ ಫೋಟೊ ತೋರಿಸಿದ. ಹಸಿರು ಹೊಲ, ನೀಲಿ ಆಕಾಶ, ಎಲ್ಲ ಇತ್ತು. ಬೇವಿನ ಗಿಡವೂ ಅದರ ಕೆಳಗಿನ ಸಮಾಧಿಯೂ ಇರಲಿಲ್ಲ.

‘ಇಲ್ಲಿದ್ದ ಸಮಾಧಿ ಎಲ್ಲಿ ಹೋತೋ?’ ಎಂದು ನಾನು ಮೆಲ್ಲಗೆ ಕೇಳಿದೆ.

ಅವನು ಗಿರಾಕಿಗೆ ಕೇಳದಂತೆ ನನ್ನ ಕಿವಿಯಲ್ಲಿ ಹೇಳಿದ, ‘ಹೊಲದಾಗ ಐತ್ರಿ. ಫೋಟೋದಾಗ ಅಷ್ಟ ಅಳಿಸೇನಿ. ಸಮಾಧಿ ಕಂಡ್ರ ಒಬ್ಬನೂ ಫೋನ ಹಚ್ಚಂಗಿಲ್ರಿ.’

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಅದಕ್ಕೆ ಸಮಯವೂ ಸಿಗಲಿಲ್ಲ.

ಆಚೆ ಕಡೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಮಲ್ಲಪ್ಪ ರಾಮದುರ್ಗದಲ್ಲಿ ಮಗಳ ಮನೆಯಲ್ಲಿದ್ದ. ಸವದತ್ತಿಯ ಬೀಗರೊಬ್ಬರು ವೆಬ್‌ಸೈಟಿನ ಆ ಫೋಟೊವನ್ನು ಅವನಿಗೆ ಕಳಿಸಿ, ನಿಮ್ಮವ್ವನ ಸಮಾಧಿ ಕಿತ್ತು ಹಾಕಿದರೇ ಎಂದು ಕೇಳಿದ್ದರು. ಅವನು ಕೂಡಲೇ ತಮ್ಮನಿಗೆ ಫೋನ್ ಮಾಡಿದ. ಹೊಲ ಮಾರುವುದಕ್ಕೆ ಬೈಸಿಕೊಳ್ಳಬೇಕಾದೀತು ಎಂದು ತಮ್ಮ ಫೋನ್ ಎತ್ತಲೇ ಇಲ್ಲ. ಎತ್ತದಿದ್ದಷ್ಟೂ ಅಣ್ಣನಿಗೆ ಅನುಮಾನ ಗಟ್ಟಿಯಾಯಿತು, ಜೆಸಿಬಿ ಹಚ್ಚಿ ತಾಯಿಯ ಎಲುಬು ಕಿತ್ತೆಸೆದಿದ್ದಾನೆ ಎಂದು. ಅಂಗಡಿಗೆ ಫೋನ್ ಮಾಡಿ ತಮ್ಮ ಮಧ್ಯಾಹ್ನ ನನ್ನ ಕಚೇರಿಗೆ ಹೋಗುವವನಿದ್ದಾನೆಂದು ತಿಳಿದುಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದ್ದ.

ಅವನು ನನ್ನ ಬಾಗಿಲಿಗೆ ನೇರವಾಗಿ ಬರಲಿಲ್ಲ. ಪಕ್ಕದ ಅಂಗಡಿಯ ಮುಂದೆ ಜೋಡಿಸಿಟ್ಟ ಕೊಡಲಿಗಳಲ್ಲಿ ಒಂದನ್ನು ಎತ್ತಿಕೊಂಡ. ಅಂಗಡಿಯವ ಗಿರಾಕಿ ಎಂದುಕೊಂಡು ಸುಮ್ಮನಿದ್ದ.

‘ಅವ್ವನ್ನ ಮಾರಿದೇನಲೇ ಶಿವ್ಯಾ!’

ಮಾತು ಮುಗಿಯುವ ಮೊದಲೇ ಮಲ್ಲಪ್ಪ ಕೊಡಲಿ ಬೀಸಿದ. ಶಿವಾನಂದ ಎಡಗೈ ಅಡ್ಡ ಹಿಡಿದ. ಮುಂಗೈ ಮೇಲೆ ಬಿದ್ದ ಏಟಿನ ಸದ್ದು ಕಟ್ಟಿಗೆ ಒಡೆದಂತೆ ಕೇಳಿಸಿತು. ರಕ್ತ ನನ್ನ ಅಂಗಿಗೂ ಗೋಡೆಗೂ ಚಿಮ್ಮಿತು. ಧಾರವಾಡದವನು ಕುರ್ಚಿ ಒದ್ದು ಹೊರಗೆ ಓಡಿದ. ಎರಡನೆಯ ಏಟು ಮೇಜಿನ ಗಾಜು ಒಡೆದು ಹಲಗೆಯಲ್ಲಿ ನಾಟಿತು. ಮಲ್ಲಪ್ಪ ಅದನ್ನು ಕೀಳುವಷ್ಟರಲ್ಲಿ ನಾನು ಹಿಂದಿನಿಂದ ಅವನ ಸೊಂಟ ಹಿಡಿದೆ. ಅವನು ಒಮ್ಮೆ ಕೊಡವಿದ್ದಕ್ಕೆ ನನ್ನ ಬಾಯಿ ಕಪಾಟಿಗೆ ಬಡಿದು ಎರಡು ಹಲ್ಲು ಮುರಿದವು. ಅಷ್ಟರಲ್ಲಿ ತಮ್ಮ ಬಲಗೈಯಲ್ಲಿ ಕಬ್ಬಿಣದ ಸ್ಟೂಲ್ ಎತ್ತಿ ಅಣ್ಣನ ತಲೆಗೆ ಹೊಡೆದ. ಹಣೆ ಸೀಳಿತು. ಕಣ್ಣಿಗೆ ರಕ್ತ ಇಳಿದರೂ ಮಲ್ಲಪ್ಪ ತಮ್ಮನ ಕುತ್ತಿಗೆ ಹಿಡಿದು ನೆಲಕ್ಕೆ ಒತ್ತಿದ. ಶಿವಾನಂದನ ಮುಖ ನೀಲಿಯಾಗುತ್ತಿತ್ತು. ನನಗೆ ಹಿಂದೆಂದೂ ಅಷ್ಟು ಹೆದರಿಕೆ ಆಗಿರಲಿಲ್ಲ. ಮಾರುಕಟ್ಟೆಯ ಹಮಾಲರು ಓಡಿ ಬಂದು ಇಬ್ಬರನ್ನೂ ಎಳೆದರು.

‘ಸಮಾಧಿ ಅಲ್ಲೇ ಅದ ಮಲ್ಲಪ್ಪಾ! ಫೋಟೋದಾಗ ಅಳಿಸ್ಯಾನ, ಹೊಲದಾಗ ಅಲ್ಲ!’ ಎಂದು ನಾನು ಮುರಿದ ಹಲ್ಲಿನ ಬಾಯಲ್ಲಿ ಕೂಗಿದೆ.

ಅವನಿಗೆ ಅರ್ಥವಾಗಲಿಲ್ಲ. ಇಲ್ಲದ್ದನ್ನು ಇದೆಯೆಂದು ಜನ ತೋರಿಸುವುದನ್ನು ಅವನು ಕಂಡಿದ್ದ, ಇದ್ದ ತಾಯಿಯನ್ನು ಇಲ್ಲವೆಂದು ತೋರಿಸುವುದನ್ನು ಕಂಡಿರಲಿಲ್ಲ. ಶಿವಾನಂದನ ತೋಳಿಗೆ ಪಂಚೆ ಬಿಗಿದು ಆಸ್ಪತ್ರೆಗೆ ಸಾಗಿಸಿದರು. ಪಕ್ಕದ ಹೊಲದವನಿಗೆ ವಿಡಿಯೊ ಕಾಲ್ ಹಚ್ಚಿ, ಅವನು ತೋರಿಸಿದ ಸಮಾಧಿಯನ್ನು ನಾನು ಮಲ್ಲಪ್ಪನ ಕಣ್ಣೆದುರು ಹಿಡಿದೆ. ಅವನು ನೋಡಿ ನನ್ನ ಫೋನನ್ನೇ ಕಸಿದು ರಸ್ತೆಗೆ ಅಪ್ಪಳಿಸಿದ.

‘ಆ ಫೋನಿನ್ಯಾಗ ಇಲ್ಲ ಅಂದ್ರಿ, ಈ ಫೋನಿನ್ಯಾಗ ಐತಿ ಅಂತೀರಿ. ಯಾವದ ನಂಬ್ಲಿ ನಾ?’

ಪೊಲೀಸರು ಬಂದು ಜೀಪಿಗೆ ಹತ್ತಿಸಿದರೂ ಅವನು ಕಂಬಿಗೆ ತಲೆ ಚಚ್ಚಿಕೊಳ್ಳುತ್ತಲೇ ಇದ್ದ. ಹಣೆಯ ಗಾಯ ಮತ್ತೆ ಬಿರಿಯಿತು. ಹಿರಿಯ ಹವಾಲ್ದಾರರೊಬ್ಬರು ನನ್ನ ಮುಖ ನೋಡಿ, ‘ಹೊಲಾ ಎಷ್ಟ ದೂರ ಐತ್ರಿ?’ ಎಂದು ಕೇಳಿ, ನನ್ನನ್ನೂ ಹತ್ತಿಸಿಕೊಂಡು ಜೀಪನ್ನು ಸಂಗೊಳ್ಳಿ ರಸ್ತೆಗೆ ತಿರುಗಿಸಿದರು. ಕಾಯಿದೆಯ ಪ್ರಕಾರ ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆ ಮನುಷ್ಯನಿಗೆ ನಾನು ಋಣಿ.

ಬೇವಿನ ಕೆಳಗೆ ಸಮಾಧಿ ಇತ್ತು. ಸುಣ್ಣ ಬಳಿದಿತ್ತು, ಅಮಾವಾಸ್ಯೆಯ ಹೂವು ಒಣಗಿ ಬಿದ್ದಿತ್ತು. ಮಲ್ಲಪ್ಪ ಎರಡೂ ಅಂಗೈಗಳಿಂದ ಕಲ್ಲನ್ನು ಸವರಿ ನೋಡಿದ. ತಮ್ಮನ ರಕ್ತ ಸುಣ್ಣಕ್ಕೆ ಹತ್ತಿತು. ಅದನ್ನು ನೋಡಿದ ಮೇಲೆ ಅವನು ಕೂಗಿದ ಕೂಗಿಗೆ ಹವಾಲ್ದಾರರು ಟೊಪ್ಪಿಗೆ ತೆಗೆದು ಆ ಕಡೆ ತಿರುಗಿ ನಿಂತರು.

ಅಣ್ಣ ಜಾಮೀನಿನ ಮೇಲೆ ಹೊರಗಿದ್ದಾನೆ, ಕೇಸು ಇನ್ನೂ ನಡೆದಿದೆ. ತಮ್ಮನ ಎಡಗೈ ಉಳಿಯಿತು, ಆದರೆ ನರ ತುಂಡಾಗಿ ಬೆರಳುಗಳಲ್ಲಿ ಶಕ್ತಿ ಇಲ್ಲ. ಹೊಲವನ್ನು ಮಲ್ಲಪ್ಪನ ಒಪ್ಪಿಗೆ ಪಡೆದು ನಾನೇ ಮಾರಿಸಿಕೊಟ್ಟೆ. ಅದೇ ವೆಬ್‌ಸೈಟಿನಲ್ಲಿ, ಸಮಾಧಿ ನಡುವೆ ಕಾಣುವ ಫೋಟೊ ಹಾಕಿ, ‘ಈ ಜಾಗ ಮತ್ತು ದಾರಿ ಮಾರಾಟಕ್ಕಿಲ್ಲ’ ಎಂದು ಮೊದಲ ಸಾಲಿನಲ್ಲೇ ಬರೆದೆ. ಫೋನುಗಳು ಕಡಿಮೆ ಬಂದವು, ಬಂದವರಲ್ಲಿ ಒಬ್ಬ ಕೊಂಡ. ವೆಬ್‌ಸೈಟು ಗಿರಾಕಿಯನ್ನು ತರುತ್ತದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಹೊಲಕ್ಕಾಗಿ ಯಾರ ಕರುಳು ಮಿಡಿಯುತ್ತದೆ ಎಂದು ಮಾರುವವನೂ ಹೇಳುವುದಿಲ್ಲ, ಫೋಟೊವೂ ಹೇಳುವುದಿಲ್ಲ. ಅಂಥವನನ್ನು ಹುಡುಕಿಕೊಂಡು ಹೋಗಿ, ಅವನ ಮುಂದೆ ಕುಳಿತು, ಅವನ ಬೈಗುಳ ತಿಂದು ಬರುವುದೇ ಏಜೆಂಟನ ಕೆಲಸ ಎಂದು ಈ ಪ್ರಕರಣ ನನಗೆ ಕಲಿಸಿತು.

ಖರೀದಿ ಪತ್ರದ ನೋಂದಣಿ ದಿನ ಮಲ್ಲಪ್ಪ ಸಾಕ್ಷಿ ಸಹಿ ಹಾಕಲು ಬಂದಿದ್ದ. ಅಣ್ಣ ತಮ್ಮ ಪರಸ್ಪರ ಮುಖ ನೋಡಲಿಲ್ಲ. ಶಿವಾನಂದ ಎಡ ಹೆಬ್ಬೆರಳನ್ನು ಹೆಬ್ಬೆಟ್ಟಿನ ಯಂತ್ರದ ಮೇಲಿಟ್ಟ, ಅದು ಗುರುತು ಹಿಡಿಯಲಿಲ್ಲ. ‘ಒತ್ತಿ ಹಿಡೀರಿ’ ಎಂದಳು ಕಂಪ್ಯೂಟರಿನ ಹುಡುಗಿ. ಅವನು ಮತ್ತೆ ಮತ್ತೆ ಪ್ರಯತ್ನಿಸಿದ, ಬೆರಳು ಜಾರಿತೇ ಹೊರತು ಒತ್ತಲು ಆಗಲಿಲ್ಲ.

‘ಅವಂಗ ಒತ್ತಾಕ ಬರಂಗಿಲ್ಲ ತಂಗಿ’ ಎಂದು ಮಲ್ಲಪ್ಪ ಹಿಂದಿನಿಂದ ಬಂದ. ತಮ್ಮನ ಹೆಬ್ಬೆರಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಎಲ್ಲಿ ನೋವಾದೀತೋ ಎಂಬಂತೆ, ಮೆಲ್ಲಗೆ ಯಂತ್ರದ ಮೇಲೆ ಒತ್ತಿ ಹಿಡಿದ.