ಮಾದಪ್ಪ ಚಿಕ್ಕಪ್ಪನ ಹಾರನ್ನು

ನಮ್ಮ ಮಾದಪ್ಪ ಚಿಕ್ಕಪ್ಪ ಕಣ್ಣಿಗೆ ಕಾಣುವ ಮೊದಲು ಕಿವಿಗೆ ಬೀಳುತ್ತಿದ್ದರು. ತಾಳವಾಡಿಯಿಂದ ಬರುವ ಅವರ ಪಿಕಪ್ಪು ಗುಮಟಾಪುರದ ತಿರುವು ಮುಟ್ಟಿತೆಂದರೆ, ಅದರ ಹಿತ್ತಾಳೆ ಕೊಳವೆಗಳ ಹಾರನ್ನು ಮದುವೆ ವಾಲಗದವರು ದಾರಿ ತಪ್ಪಿ ಬಂದಂತೆ ಊದತೊಡಗುತ್ತಿತ್ತು. ಚಿಕ್ಕಮ್ಮ ಆಗ ಎದ್ದು ಮುದ್ದೆಗೆ ಎಸರಿಡುತ್ತಿದ್ದರು. ನಾನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ. ಬೀದಿಯಲ್ಲಿ ಸಿಕ್ಕಿದರೆ ಹತ್ತಿಸಿಕೊಂಡು ಊರೆಲ್ಲ ಮೆರೆಸುತ್ತಾರೆ ಎಂಬ ಭಯ.

ಎಪ್ಪತ್ತರ ದಶಕದ ಕೊನೆಯಲ್ಲಿ, ಆಲೂಗೆಡ್ಡೆ ಕೈಹಿಡಿದ ವರ್ಷ, ಕೊಯಮತ್ತೂರಿನಿಂದ ತಂದ ಗಾಡಿ ಅದು. ಗಾಡಿಯೇನೋ ಮಾಮೂಲಿನದೇ. ಅದರ ಮೇಲೆ ಅಂಗಡಿಯವನು ಹೇರಿ ಕಳಿಸಿದ ಸಾಮಾನು ಮಾತ್ರ ಮಾಮೂಲಿನದಲ್ಲ. 'ಇದು ಇಲ್ಲದಿದ್ದರೆ ಗಾಡಿಗೆ ಕಳೆಯೇ ಇಲ್ಲ ಅಣ್ಣಾ' ಎಂದು ಅವನು ತಮಿಳಿನಲ್ಲಿ ಒಂದೊಂದನ್ನೇ ತೋರಿಸಿದನಂತೆ, ಚಿಕ್ಕಪ್ಪ ಒಂದಕ್ಕೂ ಬೇಡವೆನ್ನಲಿಲ್ಲವಂತೆ. ಮುಂಗಾಜಿನ ಮೇಲೆ ಹಸಿರು ತಗಡಿನ ಸೂರು. ಚಕ್ರಗಳಿಗೆ ಮುಖ ಕಾಣುವಂಥ ಮುಚ್ಚಳ. ಕನ್ನಡಿಗಳಿಗೆ ಕೆಂಪು ಕುಚ್ಚು. ಒಳಗೊಂದು ಪುಟ್ಟ ಫ್ಯಾನು. ಅದರ ಪಕ್ಕ ಶಿವನ ಪಟ, ಬ್ರೇಕ್ ಒತ್ತಿದಾಗಲೆಲ್ಲ ಅದಕ್ಕೆ ದೀಪ ಹತ್ತಬೇಕು. ದಿಂಬಂ ಘಾಟಿ ಇಳಿಯುವಾಗ ಶಿವನಿಗೆ ಕತ್ತಲೆಯೆಂಬುದೇ ಇರುತ್ತಿರಲಿಲ್ಲ. ಸೀಟಿನ ಪ್ಲಾಸ್ಟಿಕ್ಕನ್ನು ಚಿಕ್ಕಪ್ಪ ಬಿಚ್ಚಲೇ ಇಲ್ಲ. ಬೇಸಿಗೆಯಲ್ಲಿ ಕೂತು ಎದ್ದರೆ ತೊಡೆಯ ಚರ್ಮ ಅಲ್ಲೇ ಉಳಿಯಿತೇನೋ ಅನ್ನಿಸುವ ಸದ್ದು. ಹಿಂದೆ ಹತ್ತುವ ಕೂಲಿಯವರು ಕಾಲು ತೊಳೆದೇ ಹತ್ತಬೇಕು. ಆಲೂಗೆಡ್ಡೆ ಮೂಟೆಗಳನ್ನೂ ಕೊಡವಿಸಿಯೇ ಏರಿಸುತ್ತಿದ್ದರು.

ನಾನು ಹುಟ್ಟುವಾಗಲೇ ನಾಚಿಕೊಂಡು ಹುಟ್ಟಿದವನು. ಅವರ ಪಕ್ಕದಲ್ಲಿ ಕೂತಾಗ ನನ್ನದು ಒಂದೇ ರಾಗ.

"ಚಿಕ್ಕಪ್ಪ, ಜನ ನೋಡ್ತಾರೆ."

"ನೋಡ್ಲಿ ಅಂತ್ಲೇ ಕಣ್ಲಾ ಆಕ್ಸಿರಾದು!" ಎಂದು ಇನ್ನೊಮ್ಮೆ ಒತ್ತುತ್ತಿದ್ದರು. ಈ ಮನುಷ್ಯನಿಗೆ ಒಂದು ಸಲವಾದರೂ ನಾಚಿಕೆ ಬರಲಿ ಎಂದು ನಾನು ಆ ದೀಪದ ಶಿವನನ್ನೇ ಬೇಡಿಕೊಂಡಿದ್ದೂ ಉಂಟು.

ನನಗೆ ಗೆಟ್ಟವಾಡಿಯಲ್ಲಿ ಹೆಣ್ಣು ನೋಡುವುದೆಂದು ಗೊತ್ತಾಗಿದ್ದು ದೀಪಾವಳಿಯ ಹೊತ್ತಿಗೆ, ಅದೂ ಒಬ್ಬರಿಗೊಬ್ಬರು ಸಗಣಿ ಎರಚಾಡುವ ನಮ್ಮೂರ ಗೊರೆ ಹಬ್ಬದ ಮರುದಿನಕ್ಕೆ. ಹಿಂದಿನ ಸಂಬಂಧವೊಂದು 'ಹುಡುಗ ತೀರಾ ಪುಕ್ಕಲು' ಎಂದು ಮುರಿದಿತ್ತು. ಇದೂ ಹೋದರೆ ಮುಗಿಯಿತೆಂದು ನಾನು ಊಟ ಬಿಟ್ಟು ಕೂತಿದ್ದೆ.

ಹಬ್ಬಕ್ಕೆ ಮನೆಮನೆಯ ಸಗಣಿ ಬೀರೇಶ್ವರನ ಗುಡಿಯ ಬಳಿಗೆ ಹೋಗಬೇಕು. ಆ ವರ್ಷ ಹೊರುವ ಟ್ರಾಕ್ಟರು ಕೆಟ್ಟು ನಿಂತಿತು. ಹಿರಿಯರು ತಲೆ ಕೆರೆಯುತ್ತಿದ್ದಾಗ ಚಿಕ್ಕಪ್ಪ, "ನನ್ ಗಾಡೀಲಿ ತುಂಬ್ರಲಾ. ಸ್ವಾಮಿ ಸಗಣಿಗೆ ಯಾವ ಮೈಲ್ಗೆ?" ಎಂದುಬಿಟ್ಟರು. ಕಾಲು ತೊಳೆಯದೆ ಯಾರೂ ಹತ್ತದ ಗಾಡಿಯಲ್ಲಿ ಬೆಳಗಿನಿಂದ ಸಗಣಿ ಹೊರೆಹೊರೆಯಾಗಿ ಹೋಯಿತು. ಹಬ್ಬದ ಕಾದಾಟ ಮುಗಿದ ಮೇಲೆ, ಕಣ್ಣೊಂದು ಬಿಟ್ಟು ಮಿಕ್ಕೆಲ್ಲ ಸಗಣಿಯಾಗಿದ್ದ ಊರ ಗಂಡಸರು ಸಾಲಾಗಿ ಬಂದು ಹಾರನ್ನು ಒತ್ತಿ ಹೋದರು. ಚಿಕ್ಕಪ್ಪ ಬೇಡವೆನ್ನಲಿಲ್ಲ, ನಿಂತು ನಗುತ್ತಿದ್ದರು.

ಬೆಳಗಾಗುತ್ತಲೇ ಕೆರೆಯಲ್ಲಿ ಗಾಡಿ ತೊಳೆದು ಬಾಗಿಲಿಗೆ ತಂದು ನಿಲ್ಲಿಸಿದರು. ನಾನು ಬಸ್ಸಿನ ಮಾತೆತ್ತಿದೆ.

"ಎಣ್ ನೋಡಕೆ ಬಸ್ಸಲ್ಲಿ ಓದಾನಾ ನಮ್ಮಟ್ಟಿ ಉಡ್ಗ? ಅತ್ಲಾ!"

ಹತ್ತಿದೆ. ತೊಳೆದಿದ್ದರೂ ಸಗಣಿಯ ವಾಸನೆ ದಾರಿಯುದ್ದಕ್ಕೂ ಬಿಡಲಿಲ್ಲ. ಗೆಟ್ಟವಾಡಿಯಲ್ಲಿ ಹೆಣ್ಣಿನವರು ಜಗುಲಿಯ ಮೇಲೆ ಕಾದು ಕೂತಿದ್ದರು. ಚಿಕ್ಕಪ್ಪ ಬಾಗಿಲ ಮುಂದೆ ನಿಲ್ಲಿಸಿ, ಗತ್ತಿನಿಂದ ಒಂದು ಸಲ ಒತ್ತಿದರು. ಗುಂಡಿಯ ಸಂದಿಯಲ್ಲಿ ಹಬ್ಬದ ಸಗಣಿ ಒಣಗಿ ಕೂತಿತ್ತು. ಒತ್ತಿದ ಗುಂಡಿ ಮೇಲೇಳಲಿಲ್ಲ.

ಹಾರನ್ನು ಊದಿತು, ಊದುತ್ತಲೇ ಇತ್ತು. ಎತ್ತೊಂದು ಹಗ್ಗ ಕಿತ್ತುಕೊಂಡು ಓಡಿತು. ಅಜ್ಜಿಯೊಬ್ಬರು ಕಿವಿ ಮುಚ್ಚಿಕೊಂಡರು. ಮಾಡುಗಳ ಮೇಲೆ ಮಕ್ಕಳು ಹತ್ತಿದವು. ಹೆಣ್ಣಿನ ತಂದೆ ಕೂಗಿ ಕೇಳಿದರು:

"ಏನ್ ಬುದ್ಧಿ, ಎಣ್ ನೋಡಕೆ ಬಂದ್ರೋ, ಓಟ್ ಕೇಳಕೆ ಬಂದ್ರೋ?"

ಜಗುಲಿಯೆಲ್ಲ ನಕ್ಕಿತು. ನನಗೆ ಅಳುವೇ ಬಂದಿತ್ತು. "ಚಿಕ್ಕಪ್ಪ, ಜನ ನೋಡ್ತಾವ್ರೆ" ಎಂದೆ.

ಅಂದು ಅವರು ತಮ್ಮ ಎಂದಿನ ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿದರು, ಜಗುಲಿ ನೋಡಿದರು. ಇಳಿದು ಬಾನೆಟ್ಟು ಎತ್ತಿ, ವೈರಿನ ಸಮೇತ ಹಾರನ್ನನ್ನು ಎಳೆದು ಕಿತ್ತರು. ಅದನ್ನು ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ಮತ್ತೆ ಒಳಗೆ ಕೂತರು.

"ನಿನ್ ಮಾನ ಕಳುದ್ಬುಟ್ನಲ್ಲ ಮಗ. ನೀ ಓಗು. ನಾನ್ ಇಲ್ಲೇ ಇರ್ತೀನಿ."

ಯಾರು ಕರೆದರೂ ಇಳಿಯಲಿಲ್ಲ. ತಲೆ ತಗ್ಗಿಸಿ ಪ್ಲಾಸ್ಟಿಕ್ ಸೀಟಿನ ಮೇಲೆ ಕೂತೇ ಇದ್ದರು. ಬೇಡಿಕೊಂಡದ್ದು ಕೈಗೂಡಿತ್ತು. ಆದರೆ ಆ ತಗ್ಗಿದ ತಲೆಯನ್ನು ನನ್ನಿಂದ ನೋಡಲಾಗಲಿಲ್ಲ.

ಸಂಬಂಧ ಕುದುರಿತು. 'ನೀವು ಬೆವರ್ತಿದ್ದುದು ನೋಡಿ ಪಾಪ ಅನ್ನುಸ್ತು' ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಧಾರೆಯ ದಿನ ಅವಳೇ "ಎಲ್ಲಿ ಮಾವ, ನಿಮ್ಮ ಆರನ್ನು?" ಎಂದು ಕೇಳಿದಳು. "ಅದ್ಯಾಕವ್ವ ಬುಡು" ಎಂದು ಚಿಕ್ಕಪ್ಪ ಬೇರೆ ಕಡೆ ನೋಡಿದರು. ಕುಚ್ಚುಗಳೂ ಆ ಹೊತ್ತಿಗೆ ಹೋಗಿದ್ದವು. ಆಮೇಲೆ ಫ್ಯಾನು, ಹಸಿರು ಸೂರು, ಕೊನೆಗೆ ಶಿವನ ದೀಪವೂ. ಅವರು ಬಂದದ್ದು ಬಾಗಿಲು ತಟ್ಟಿದ ಮೇಲೆಯೇ ತಿಳಿಯುವಂತಾಯಿತು. ಚಿಕ್ಕಮ್ಮನ ಎಸರು ಯಾವತ್ತೂ ತಡ.

ಕೆಲವು ವರ್ಷಗಳ ಮೇಲೆ ಅವರು ಕಾಯಿಲೆ ಬಿದ್ದರು. ಆ ವರ್ಷದ ಗೊರೆ ಹಬ್ಬಕ್ಕೆ ಅವರಿರಲಿಲ್ಲ. ಅದಕ್ಕೆ ಮುಂಚೆ ಒಂದು ಮಧ್ಯಾಹ್ನ, ಅಟ್ಟದಲ್ಲಿ ಟವೆಲಿನಲ್ಲೇ ಸುತ್ತಿಟ್ಟಿದ್ದ ಹಾರನ್ನನ್ನು ನಾನು ಕದ್ದು ಒಯ್ದು, ತಾಳವಾಡಿಯ ಮೆಕ್ಯಾನಿಕ್ಕಿನ ಕೈಲಿ ಪಿಕಪ್ಪಿಗೆ ಹಾಕಿಸಿದೆ. ತಿರುವಿನಿಂದಲೇ ಒತ್ತಿಕೊಂಡು ಬಂದೆ. ಹುಟ್ಟಿದ ಮೇಲೆ ಮೊದಲ ಸಲ ನಾನು ಜೋರಾಗಿ ಏನನ್ನೋ ಮಾಡಿದ್ದು. ಬಾಗಿಲ ಮುಂದೆ ನಿಂತು ಇನ್ನೂ ಒಮ್ಮೆ ಒತ್ತಿದೆ.

ಜಗುಲಿಯ ಹಾಸಿಗೆಯಲ್ಲಿ ಮಲಗಿದ್ದ ಚಿಕ್ಕಪ್ಪ ಗಾಬರಿಯಾಗಿ ಮೊಣಕೈ ಊರಿ ಎದ್ದರು. ಬೀದಿಯ ಆ ತುದಿ, ಈ ತುದಿ ನೋಡಿದರು.

"ನಿಲ್ಸ್ಲಾ ಮಗ," ಎಂದರು. "ಜನ ನೋಡ್ತಾರೆ."

ಬೀದಿಯಲ್ಲಿ ಯಾರೂ ಇರಲಿಲ್ಲ.