ಅತ್ತೆ ಹೇಳುತ್ತಿದ್ದ ದಾರಿ

ಹುಳಿ ಬಂದ ಹಾಲು ಮತ್ತು ಸುಟ್ಟ ಕ್ಲಚ್ಚು, ಇವೆರಡರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುವುದು ಈಗ ಅಪರೂಪ. ಮೊನ್ನೆ ತುಮಕೂರಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕಕ್ಕೆ ಬಂದು ನಿಂತ ಹಾಲಿನ ಗಾಡಿಯಿಂದ ಅದು ಬಂತು. ಜೊತೆಗಿದ್ದ ಮಗಳು ಮುಖ ಸಿಂಡರಿಸಿ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ನಾಚಿಕೆ ಬಿಟ್ಟು ಇನ್ನಷ್ಟು ಎಳೆದುಕೊಂಡೆ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಬೇರೆಯವರಿಗೆ ಸಹಿಸಲಾಗದ್ದು, ನಿಮಗೆ ಬಾಲ್ಯವೇ ಆಗಿರುವಂಥದ್ದು. ನನಗೆ ಆ ವಾಸನೆ ಎಂದರೆ ಹೆಬ್ಬೂರಿನ ನಮ್ಮ ಮನೆ, ಮಹೇಶ ಚಿಕ್ಕಪ್ಪ, ಮತ್ತು ಅವನ ಎಡಪಕ್ಕದಲ್ಲಿ ಕೂತಿರುತ್ತಿದ್ದ ಗಿರಿಜತ್ತೆ.

ಮನೆ ಬಸ್ಸು ಓಡಾಡುವ ರಸ್ತೆಗೇ ಮುಖ ಮಾಡಿಕೊಂಡಿತ್ತು. ಬೇರೆಯವರು ಎತ್ತು ಕಟ್ಟುವ ಜಾಗದಲ್ಲಿ ನಮ್ಮದೊಂದು ಹಾಲಿನ ಟೆಂಪೊ ನಿಂತಿರುತ್ತಿತ್ತು. ಬೂದಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ತೊಳೆದ ಕ್ಯಾನುಗಳನ್ನು ಅಮ್ಮ ಮತ್ತು ಅಜ್ಜಿ ಜಗಲಿಯ ಉದ್ದಕ್ಕೂ ಬೋರಲು ಹಾಕುತ್ತಿದ್ದರು. ಬಿಸಿಲಿಗೆ ಅವು ಕಾದರೆ ಕೈ ಇಡುವಂತಿರಲಿಲ್ಲ. ಸುತ್ತಲ ಹಳ್ಳಿಗಳ ಹಾಲನ್ನು ತುಮಕೂರಿನ ಡೈರಿಗೆ ಮುಟ್ಟಿಸುವುದು ನಮ್ಮ ಮನೆಯ ಕಸುಬು. ಅಪ್ಪನಿಗೆ ಸೊಂಟ ಹಿಡಿದುಕೊಂಡ ಮೇಲೆ ಟೆಂಪೊ ಅವರ ತಮ್ಮ ಮಹೇಶನ ಕೈಗೆ ಬಂತು. ಆಗವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಗಿರಿಜತ್ತೆ ಅವನಿಗೆ ಅಕ್ಕ, ಅಪ್ಪನಿಗೆ ತಂಗಿ. ಸಿಟಿಯಲ್ಲಿ ಟೈಪಿಂಗ್ ಕಲಿಯಲು ಹೋಗುತ್ತಿದ್ದ ಅವಳು ಬಸ್ಸು ಬೇಡವೆಂದು ಅದೇ ಟೆಂಪೊ ಹತ್ತಿದಳು. ಟೈಪಿಂಗ್ ಮುಗಿದ ಮೇಲೂ ಇಳಿಯಲಿಲ್ಲ. ಅದಕ್ಕೆ ಕಾರಣವಿತ್ತು. ಆ ಟೆಂಪೊದ ಎಡಗಡೆಯ ಹೆಡ್‌ಲೈಟು ನನಗೆ ಬುದ್ಧಿ ಬಂದಾಗಿನಿಂದ ಉರಿದದ್ದೇ ಇಲ್ಲ. ನಸುಕಿನ ಮಂಜಿನಲ್ಲಿ ಚಿಕ್ಕಪ್ಪನಿಗೆ ಅರ್ಧ ರಸ್ತೆ ಕಾಣುತ್ತಿತ್ತು, ಉಳಿದರ್ಧ ಅತ್ತೆ ಹೇಳಬೇಕಿತ್ತು.

ಶಾಲೆಗೆ ರಜೆ ಇದ್ದಾಗ ನಾನೂ ಅವರಿಬ್ಬರ ನಡುವೆ ತೂರಿಕೊಂಡು ಹೋಗುತ್ತಿದ್ದೆ. ಕಿಟಕಿಯಿಂದ ಅರ್ಧ ತಲೆ ಹೊರಹಾಕಿ, ಸೆರಗು ಕಿವಿಗೆ ಸುತ್ತಿಕೊಂಡು ಅತ್ತೆ ಹೇಳುತ್ತಾ ಹೋಗುತ್ತಿದ್ದಳು: "ಹುಣಸೆಮರ ಬಂತು, ಬೇರು ಮೇಲೆದ್ದೈತೆ, ಬಲಕ್ಕಿಡಿ. ಆಯ್ತು, ಬುಡು. ಮುಂದ್ಕೆ ಗೌಡ್ರ ಬಾವಿ, ಅಲ್ ಹಳ್ಳ. ನಿಧಾನ. ಹೂಂ, ಬುಡು." ಧ್ವನಿಯಲ್ಲಿ ಅವಸರವೂ ಇಲ್ಲ, ಗಾಬರಿಯೂ ಇಲ್ಲ. ಅಕ್ಕಿ ಆರಿಸುತ್ತಾ ಮಾತಾಡುವ ಹಾಗೆ. ಹಾಲು ಕೆಡುವ ಮುಂಚೆ ಡೈರಿ ಮುಟ್ಟಬೇಕು, ಹಾಗೆಂದು ಕುಲುಕಿಸಿಕೊಂಡು ಹೋಗುವಂತಿಲ್ಲ. ಹೀಗಾಗಿ ಚಿಕ್ಕಪ್ಪ ಜೋರಾಗಿಯೂ ಮೆತ್ತಗೂ ಓಡಿಸುವುದನ್ನು ಒಟ್ಟೊಟ್ಟಿಗೇ ಕಲಿತ. ಬ್ರೇಕನ್ನು ತುಳಿಯುತ್ತಿರಲಿಲ್ಲ, ಮುಟ್ಟುತ್ತಿದ್ದ. ಡೈರಿಯವರು ಕ್ಯಾನಿನ ಮುಚ್ಚಳ ತೆಗೆದು, "ಇವತ್ತು ಬೆಣ್ಣೆ ತರ್ಲಿಲ್ವೇನ್ಲಾ ಮಹೇಶ?" ಎಂದು ರೇಗಿಸುತ್ತಿದ್ದರು. ಅವನ ಕ್ಯಾನಿನಲ್ಲಿ ಒಂದು ದಿನವೂ ಹಾಲು ಕುಲುಕಿ ಬೆಣ್ಣೆ ತೇಲಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಗುಬ್ಬಿ ಕಡೆಯ ಒಣಗಿದ ಕೆರೆಯಂಗಳದಲ್ಲಿ ಬೆಂಗಳೂರಿನ ಹುಡುಗರು ಕಾರಿನ ರೇಸು ನಡೆಸಿದರು. ಸುಣ್ಣ ಹಾಕಿ ಸುತ್ತು ಬರೆದು, ಟೈರು ನೆಟ್ಟು, ಮೈಕು ಕಟ್ಟಿದ್ದರು. ಅಲ್ಲಿ ಅಂಗಡಿಯಿಂದ ಇಳಿಸಿಕೊಂಡ ಹಾಗೇ ಇರುವ ಕಾರುಗಳಿಗೆ ಒಂದು ಬೇರೆ ವರ್ಗವಿತ್ತು. ಎಂಜಿನ್ನಿಗೆ ಕೈ ಹಾಕುವಂತಿಲ್ಲ, ಓಡಿಸುವವನ ಕೈಯೇ ಎಲ್ಲ. ಹಿರೇಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಗೆಳೆಯನೊಬ್ಬನ ಬಿಳಿಯ ಸಣ್ಣ ಕಾರನ್ನು ಚಿಕ್ಕಪ್ಪ ಕೇಳಿ ತಂದ. ನಾವೆಲ್ಲ ಕೆರೆ ಏರಿಯ ಮೇಲೆ ಕೂತು ನೋಡಿದೆವು. ದೂಳು ಎಷ್ಟಿತ್ತೆಂದರೆ ಅವನು ಗೆದ್ದದ್ದು ನಮಗೆ ಮೈಕಿನಿಂದಲೇ ಗೊತ್ತಾಯಿತು. ಅಜ್ಜಿ, "ಅಷ್ಟು ಸುತ್ತು ಸುತ್ತಿ ಕೊನೇಗೆ ಹೊರಟ ಜಾಗಕ್ಕೇ ಬಂದ್ನಲ್ಲ" ಎಂದರು. ಆದರೆ ಬಹುಮಾನದ ಕಪ್ಪನ್ನು ಮನೆಯವರೆಗೂ ಮಡಿಲಲ್ಲಿ ಇಟ್ಟುಕೊಂಡು ಬಂದವರು ಅವರೇ. ಆಮೇಲೆ ಅದರಲ್ಲಿ ದೀಪದ ಬತ್ತಿ ಹಾಕಿಟ್ಟರು.

ಅಲ್ಲಿಂದ ಒಂದಾದ ಮೇಲೊಂದು. ಸುತ್ತು ಹೊಡೆಯುವ ರೇಸುಗಳು ಮುಗಿದು ಊರಿಂದೂರಿಗೆ ಮಣ್ಣುದಾರಿಯಲ್ಲಿ ಓಡುವ ರ‍್ಯಾಲಿಗಳು ಶುರುವಾದವು. ರ‍್ಯಾಲಿಯಲ್ಲಿ ಡ್ರೈವರ್ ಪಕ್ಕ ದಾರಿ ಹೇಳಲು ಇನ್ನೊಬ್ಬರು ಇರಲೇಬೇಕೆಂದು ನಿಯಮ. ಯಾರನ್ನು ಕೂರಿಸಿಕೊಳ್ಳುತ್ತೀಯ ಎಂದು ಕೇಳಿದಾಗ ಚಿಕ್ಕಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾರದೋ ದೊಡ್ಡ ಅಳತೆಯ ರೇಸಿನ ಸೂಟನ್ನು ಅತ್ತೆ ಮಿಷನ್ನಿನಲ್ಲಿ ಹಿಡಿದು ಹೊಲಿದುಕೊಂಡಳು. ಜಡೆಯನ್ನು ಒಳಗೆ ಸೇರಿಸಿ ಹೆಲ್ಮೆಟ್ಟು ಹಾಕಿಕೊಂಡಳು. ಅಜ್ಜಿ ಹೆಲ್ಮೆಟ್ಟಿಗೂ ಬಾನೆಟ್ಟಿಗೂ ಮೂರು ಬೆರಳು ವಿಭೂತಿ ಎಳೆದರು. ಕುಣಿಗಲ್ಲಿನಿಂದ ಅವಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ವಿಷಯ ತಿಳಿದು ತಣ್ಣಗಾದರು. ಅಜ್ಜಿ ಹಣೆ ಚಚ್ಚಿಕೊಂಡರೆ ಅತ್ತೆ, "ಹೋಗ್ಲಿ ಬುಡವ್ವ, ಇನ್ಮ್ಯಾಕೆ ಅವ್ರ ಕಾಫಿ ಖರ್ಚೂ ಉಳೀತು" ಎಂದು ಲೋಟ ತೊಳೆಯಲು ಹೋದಳು. ಆ ವರ್ಷಗಳಲ್ಲಿ ಅವಳಷ್ಟು ಸುಖವಾಗಿದ್ದ ಹೆಂಗಸನ್ನು ನಾನು ನೋಡಿರಲಿಲ್ಲ. ರ‍್ಯಾಲಿ ಮುಗಿಸಿ ಬಂದ ದಿನ ಕಣ್ಣರೆಪ್ಪೆಯ ಮೇಲೂ ಕೆಂಪು ದೂಳು ಇರುತ್ತಿತ್ತು. ತೊಳೆದುಕೊಳ್ಳಲು ಹೊತ್ತು ಮಾಡುತ್ತಿದ್ದಳು.

ಹೊಸಬರ ವರ್ಗದಲ್ಲಿ ಗೆದ್ದು, ರಾಜ್ಯದ ಮಟ್ಟಕ್ಕೆ ಏರಿ, ಪಕ್ಕದ ರಾಜ್ಯಗಳಿಗೂ ಹೋಗಿ ಬರುವಷ್ಟರಲ್ಲಿ ಕೊಯಮತ್ತೂರಿನ ಒಂದು ಟೀಮಿನ ಕಣ್ಣು ಚಿಕ್ಕಪ್ಪನ ಮೇಲೆ ಬಿತ್ತು. ಅವರ ಮ್ಯಾನೇಜರು ನಮ್ಮ ಜಗಲಿಯಲ್ಲಿ ಕೂತು, ತಮಿಳು ಬೆರೆತ ಕನ್ನಡದಲ್ಲಿ ಮಾತು ಮುಗಿಸಿದರು. ಮುಂದಿನ ರ‍್ಯಾಲಿ ಗುಬ್ಬಿ ತಾಲ್ಲೂಕಿನಲ್ಲೇ ನಡೆಯಲಿದೆ, ಅದರಲ್ಲಿ ಮೊದಲ ಮೂವರಲ್ಲಿ ಬಂದರೆ ಮುಂದಿನ ವರ್ಷದಿಂದ ಟೀಮಿನ ಕಾರು. "ನಮ್ಮಕ್ಕನೂ ಬರ್ತಾಳೆ ಸಾರ್" ಎಂದ ಚಿಕ್ಕಪ್ಪ. ದಾರಿ ಹೇಳಲು ತಮ್ಮಲ್ಲಿ ಕಲಿತವರಿದ್ದಾರೆ, ಆದರೂ ಅಕ್ಕನ ಕೆಲಸವನ್ನೂ ನೋಡಿ ಹೇಳುತ್ತೇನೆ ಎಂದು ಮ್ಯಾನೇಜರು ಎದ್ದರು. ಆ ಹೊತ್ತಿನಿಂದ ಮನೆಯಲ್ಲಿ ಎಲ್ಲರಿಗೂ ಚಿಕ್ಕಪ್ಪನ ಕಾರಿನದೇ ಚಿಂತೆ. ಅತ್ತೆಯ ಸೀಟಿನ ಚಿಂತೆ ಇದ್ದದ್ದು ಇಬ್ಬರಿಗೆ, ಅವಳಿಗೆ ಮತ್ತು ಅವನಿಗೆ. ನನಗೂ ಇತ್ತೆನ್ನಿ, ನನ್ನನ್ನು ಕೇಳುವವರು ಯಾರು?

ರ‍್ಯಾಲಿಗೆ ಮುಂಚೆ ದಾರಿಯನ್ನೊಮ್ಮೆ ನಿಧಾನವಾಗಿ ನೋಡಿಕೊಂಡು ಬರಲು ಬಿಡುತ್ತಾರೆ. ಮಿಕ್ಕವರು ಮೀಟರು ನೋಡಿ ಇಷ್ಟು ದೂರಕ್ಕೆ ಇಂಥ ತಿರುವು ಎಂದು ಬರೆದುಕೊಳ್ಳುವರು. ಅತ್ತೆಗೆ ಹಾಲಿನ ದಾರಿಯ ರೂಢಿ. ಮರ, ಬಾವಿ, ಗುಡಿ, ಪಂಪ್‌ಸೆಟ್ಟಿನ ಮನೆ, ಇವೇ ಅವಳ ಗುರುತು. ಸಿ.ಎಸ್. ಪುರದ ಹತ್ತಿರ ಎರಡು ಹೊಲಗಳ ನಡುವೆ ಥಟ್ಟನೆ ಎಡಕ್ಕೆ ಹೊರಳುವ ಜಾಗದಲ್ಲಿ ಮರವೂ ಇರಲಿಲ್ಲ, ಬಾವಿಯೂ ಇರಲಿಲ್ಲ. ತಿರುವಿನ ಮೂಲೆಯಲ್ಲೇ ದೊಡ್ಡದೊಂದು ರಾಗಿ ಹುಲ್ಲಿನ ಬಣವೆ ಇತ್ತು. ಅದನ್ನೇ ಗುರುತು ಮಾಡಿಕೊಂಡಳು. ರೈತರ ಮಕ್ಕಳಿಗೆ ಬಣವೆ ಎಂದರೆ ಮನೆಯಷ್ಟೇ ಗಟ್ಟಿ. ಆದರೆ ಆ ಹೊಲದ ಯಜಮಾನ ಕಾರುಗಳ ಸೈಲೆನ್ಸರಿನಿಂದ ಕಿಡಿ ಹಾರುತ್ತದೆಂದು ಯಾರಿಂದಲೋ ಕೇಳಿ, ರ‍್ಯಾಲಿಯ ಹಿಂದಿನ ದಿನ ಆಳುಗಳನ್ನು ಕರೆಸಿ ಬಣವೆ ಬಿಚ್ಚಿಸಿ, ಮುಂದಿನ ಹೊಲದಾಚೆ ಒಟ್ಟಿಸಿಬಿಟ್ಟ. ಅವನದೂ ನ್ಯಾಯವೇ.

ನಾನು ಅಪ್ಪನ ಜೊತೆ ಕೊನೆಯ ಗೆರೆಯ ಹತ್ತಿರ ಶಾಲೆಯ ಮೈದಾನದಲ್ಲಿ ಕಾಯುತ್ತಿದ್ದೆ. ಮೊದಮೊದಲು ನಮ್ಮವರೇ ಮುಂದಿದ್ದಾರೆಂದು ಮೈಕು ಹೇಳುತ್ತಲೇ ಇತ್ತು. ಆಮೇಲೆ ಮೈಕು ಇವರ ಹೆಸರೆತ್ತುವುದನ್ನೇ ಬಿಟ್ಟಿತು. ಕೊನೆಗೆ ಕಾರು ಬಂದಾಗ ಅದರ ಬಂಪರಿನಲ್ಲಿ ಬೇಲಿಯ ಕಳ್ಳಿ, ಕಿಟಕಿಯ ಸಂದಿನಲ್ಲಿ ಅವರೆ ಬಳ್ಳಿ. ಬಣವೆ ದೂರದಲ್ಲಿ ಕಂಡದ್ದರಿಂದ ಅತ್ತೆ "ಇನ್ನೂ ದೂರ ಐತೆ, ಬುಡು" ಎಂದಿದ್ದಾಳೆ. ತಿರುವು ಕಾಲ ಕೆಳಗೇ ಇದ್ದದ್ದು ಗೊತ್ತಾಗುವಷ್ಟರಲ್ಲಿ ಕಾರು ಅವರೆ ಹೊಲದಲ್ಲಿತ್ತು. ಹಿಂದಕ್ಕೆ ತೆಗೆದು, ಮಿಕ್ಕ ದಾರಿಯಲ್ಲಿ ಚಿಕ್ಕಪ್ಪ ಹೇಗೆ ಓಡಿಸಿದನೋ, ಮೂರನೆಯವನಾಗಿ ಬಂದ. ಟೀಮಿನ ಕಾರು ಸಿಕ್ಕಿತು ಎಂದು ಅಪ್ಪ ಕಣ್ಣೊರೆಸಿಕೊಂಡರು.

ಮ್ಯಾನೇಜರು ನೇರ ಕಾರಿನ ಹತ್ತಿರ ಬಂದು, ಅಲ್ಲಿ ಏನಾಯಿತು ಎಂದು ಕೇಳಿದರು. ಅತ್ತೆ ಇನ್ನೂ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದಳು. ಚಿಕ್ಕಪ್ಪ ಥಟ್ಟನೆ, "ನಂದೇ ತಪ್ಪು ಸಾರ್. ಅಕ್ಕ ಎಡಕ್ಕೆ ಅಂತ ಹೇಳಿದ್ಲು, ನಾನ್ ಕೇಳಿಸ್ಕೊಳ್ಳಲಿಲ್ಲ" ಎಂದ. ಮ್ಯಾನೇಜರ ಮುಖ ಸ್ವಲ್ಪ ಬಿಗಿಯಾಯಿತು. ಹೇಳಿದ್ದನ್ನು ಕೇಳದ ಡ್ರೈವರನ್ನು ಯಾವ ಟೀಮು ತಾನೇ ನಂಬಿ ಕಾರು ಕೊಟ್ಟೀತು? ಅಷ್ಟು ನನ್ನಂಥ ಹುಡುಗಿಗೂ ಹೊಳೆಯಿತು. ಅತ್ತೆಗೆ ಹೊಳೆಯದೆ ಇರುತ್ತದೆಯೇ? ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಇಲ್ಲ ಸಾರ್, ಅವ್ನ್ ಸುಳ್ ಹೇಳ್ತಾವ್ನೆ. ನಾನ್ ಹೇಳಿದ್ದೇ ತಪ್ಪು. ಅವ್ನು ನಾನ್ ಹೇಳಿದಂಗೇ ಓಡ್ಸಿದ್ದು" ಎಂದಳು. ಬಣವೆಯ ಕಥೆಯನ್ನೂ ಹೇಳಿದಳು. ಮ್ಯಾನೇಜರು ನಕ್ಕರು. ಒಳ್ಳೆಯ ಮನುಷ್ಯ, ಹೀಯಾಳಿಸಿ ನಗಲಿಲ್ಲ. ಆದರೆ ಆ ನಗುವಿನಲ್ಲೇ ಅವಳ ಸೀಟು ಹೋಯಿತು. ಚಿಕ್ಕಪ್ಪ ಅವಳ ಕಡೆ ನೋಡಲೇ ಇಲ್ಲ, ಕೂತು ಬಂಪರಿನ ಕಳ್ಳಿ ಕೀಳುತ್ತಿದ್ದ. ಕೈಗೆ ಮುಳ್ಳು ಚುಚ್ಚಿದರೂ ನಿಲ್ಲಿಸಲಿಲ್ಲ.

ಅವನು ಕೊಯಮತ್ತೂರಿಗೆ ಹೋದ ಮೇಲೆ ಟೆಂಪೊಗೆ ಸಂಬಳದ ಡ್ರೈವರ್ ಬಂದ. ಹೊಸ ಹುಡುಗ, ದಾರಿ ಗೊತ್ತಿಲ್ಲ ಎಂದು ಅಪ್ಪ ಮೆಕ್ಯಾನಿಕ್ಕನ್ನು ಕರೆಸಿ ಎಡಗಡೆಯ ಹೆಡ್‌ಲೈಟು ರಿಪೇರಿ ಮಾಡಿಸಿದರು. ರಸ್ತೆ ಪೂರ್ತಿ ಬೆಳಗಿತು. ಅತ್ತೆ ಕೆಲವು ದಿನ ಹಾಗೇ ಹೋಗಿ ಬಂದಳು, ಕೈ ಕಟ್ಟಿಕೊಂಡು, ಮಾತಿಲ್ಲದೆ. ಆಮೇಲೆ ಒಂದು ಬೆಳಿಗ್ಗೆ ಏಳಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿಯೇ ಇದ್ದಳು. ನೆನೆದರೆ ಈಗಲೂ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ. ಪಾಪ, ಗಾಡಿಯ ಲೈಟು ಸರಿ ಮಾಡಿಸಿದ್ದು ಯಾವ ಅಪರಾಧ? ಮುಂದೆ ಅವಳು ಹಿರೇಹಳ್ಳಿಯ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಟೈಪಿಸ್ಟಾಗಿ ಸೇರಿದಳು. ಮದುವೆಯ ಮಾತು ಬಂದರೆ ಎದ್ದು ಹೋಗುತ್ತಿದ್ದಳು.

ಚಿಕ್ಕಪ್ಪ ಮೇಲೇರಿದ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಪೇಪರಿನಲ್ಲಿ ಅವನ ಫೋಟೊ ಬರುತ್ತಿತ್ತು, ಮೈತುಂಬ ಅಕ್ಷರಗಳಿದ್ದ ಸೂಟಿನಲ್ಲಿ, ಪಕ್ಕದಲ್ಲಿ ತಂಪು ಕನ್ನಡಕದ ಒಬ್ಬ ಗಂಡಸು. ಒಂದು ವರ್ಷ ದೇಶಕ್ಕೇ ಮೊದಲಿಗನಾದ. ರ‍್ಯಾಲಿಯ ಹಿಂದಿನ ಸಂಜೆ ತಪ್ಪದೆ ಫೋನು ಮಾಡುತ್ತಿದ್ದ. ಅತ್ತೆ ಎತ್ತಿಕೊಂಡು ಊಟ ಮಾಡಿದೆಯಾ, ನಿದ್ದೆ ಮಾಡು ಎಂದಷ್ಟೇ ಹೇಳಿ ಇಡುತ್ತಿದ್ದಳು. ಒಮ್ಮೆ ಊರಿಗೆ ಬಂದಾಗ ಅಮ್ಮ ಕೇಳಿದರು, ಪಕ್ಕದಲ್ಲಿ ಕೂರುವವನು ಹೇಗೆ ಎಂದು. "ನಂಬರ್ ಹೇಳ್ತಾನೆ ಅತ್ಗೆ, ಚೆನ್ನಾಗ್ ಹೇಳ್ತಾನೆ" ಎಂದು ಮುದ್ದೆ ಮುರಿದ. ಅತ್ತೆ ಸಾರು ಬಡಿಸುತ್ತಿದ್ದಳು.

ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡಿದಾಗ ಜಗಲಿಯ ಸಮೇತ ಮುಂದಿನ ಅರ್ಧ ಹೋಯಿತು, ಉಳಿದರ್ಧವನ್ನು ನಾವೇ ಕೆಡವಿದೆವು. ಅಜ್ಜಿ ಅದಕ್ಕೂ ಮುಂಚೆಯೇ ಹೋಗಿದ್ದರು. ಟೆಂಪೊ ಗುಜರಿಗೆ ಹೋಯಿತು. ಚಿಕ್ಕಪ್ಪ ರೇಸು ಬಿಟ್ಟು ತುಮಕೂರಿನಲ್ಲಿ ವರ್ಕ್‌ಶಾಪ್ ಹಾಕಿದ ಕೆಲ ಕಾಲಕ್ಕೇ ಗಿರಿಜತ್ತೆಗೆ ಕಾಯಿಲೆ ಕಾಣಿಸಿತು. ಆಸ್ಪತ್ರೆಗೆ ಕರೆದೊಯ್ಯುವಾಗಲೂ, ಕರೆತರುವಾಗಲೂ ಅವಳನ್ನು ಹಿಂದಿನ ಸೀಟಿನಲ್ಲೇ ಮಲಗಿಸಬೇಕಾಗಿತ್ತು. ಹೆಚ್ಚು ಕಾಲ ಉಳಿಯಲಿಲ್ಲ.

ಅವಳನ್ನು ಮಣ್ಣು ಮಾಡಿ ಬಂದ ಮರುದಿನ ಚಿಕ್ಕಪ್ಪ ಕಾರಿನ ಕೀ ಎತ್ತಿಕೊಂಡು, "ಬಾ ಮಗ, ಒಂಚೂರು ಹೋಗ್ಬರಾಣ" ಎಂದ. ಅವನ ಪಕ್ಕದ ಸೀಟು ಅತ್ತೆಯದೆಂದು ನಾನು ಎಂದಿನಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದೆ. "ಮುಂದೆ ಕೂತ್ಕೊ" ಎಂದ. ಕೂತೆ. ಗುಬ್ಬಿ ಕಡೆಗೆ ಹೊರಟು, ಎತ್ತಿನಗಾಡಿಗಳೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನವಾಗಿ ಓಡಿಸಿದ. ಸಿ.ಎಸ್. ಪುರದ ಹತ್ತಿರದ ಒಂದು ಕವಲಿನಲ್ಲಿ ಕಾರು ನಿಲ್ಲಿಸಿದ. ಅವನಿಗೆ ಗೊತ್ತಿಲ್ಲದ ದಾರಿ ಆ ತಾಲ್ಲೂಕಿನಲ್ಲಿ ಒಂದೂ ಇರಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ನೇರ ಮುಂದೆ ನೋಡುತ್ತಾ ಕಾಯುತ್ತಿದ್ದ.

"ಹೇಳು ಮಗ" ಎಂದ.

"ಎಡಕ್ಕೆ ಚಿಕ್ಕಪ್ಪ" ಎಂದೆ.

ಅವನು ಗೇರು ಹಾಕಲಿಲ್ಲ. "ಇನ್ನೊಂದ್ಸಲ ಹೇಳು" ಎಂದ.

ಹೇಳಿದೆ.