ಕೈಯಲ್ಲಿ ಕೊಟ್ಟ ಉತ್ತರ

ಸೆಬು ದ್ವೀಪದಿಂದ ಸುರಿಗಾವೊ ಬಂದರಿಗೆ ಹೋಗಿಬರುವ ಹಡಗಿನ ಹೊಟ್ಟೆಯೊಳಗೆ ಹತ್ತೊಂಬತ್ತು ವರ್ಷದಿಂದ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ ಲಿಬೋರಿಯೊನ ಮನೆತನದ ಹೆಸರು ತಂಪುಸ್. ಹೆಸರಿನಲ್ಲಿದ್ದ ತಂಪು ಕೆಲಸದಲ್ಲಿರಲಿಲ್ಲ. ಕೆಳಗೆ ನಲವತ್ತೈದು ಡಿಗ್ರಿ ಸೆಕೆ. ಹೆಂಡತಿ ದೋಹಾದಲ್ಲಿ ಯಾರದೋ ಮಕ್ಕಳನ್ನು ಸಾಕುತ್ತಿದ್ದಳು. ಜೊತೆಗಿದ್ದ ಇನ್ನೊಬ್ಬ ಎಣ್ಣೆಯವನನ್ನು ಕಂಪನಿ ಬೇರೆ ಹಡಗಿಗೆ ಹಾಕಿದ ಮೇಲೆ ಪಾಳಿಗೆ ಇವನೊಬ್ಬನೇ. ಅನ್ನ, ಒಣಮೀನು ಎಲ್ಲವೂ ಬಿಸಿ ಪೈಪಿನ ಪಕ್ಕ ನಿಂತೇ ಮುಗಿಯುತ್ತಿತ್ತು.

ಮೇಲೆ ಇಂಜಿನಿಯರುಗಳ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಪ್ರಮಾಣಪತ್ರ ಇದ್ದವರಿಗೆ ಮಾತ್ರ ಅದು. ಲಿಬೋರಿಯೊಗೆ ಪದವಿಯ ಆಸೆಯೇನೂ ಇರಲಿಲ್ಲ. ನಾಲ್ಕು ಜನರ ನಡುವೆ ಕೂತು ಉಣ್ಣಬೇಕಿತ್ತು, ಅಷ್ಟೇ. ಆ ಪತ್ರಕ್ಕೆ ಬೇಕಾದ ಬರಹದ ಪರೀಕ್ಷೆ ಹೇಗೋ ದಾಟಿದ್ದ, ಮೌಖಿಕ ಬಾಕಿ. ಐವತ್ತು ದಾಟಿದವನಿಗೆ ಕಂಪನಿ ಕೊಟ್ಟದ್ದು ಒಂದೇ ಅವಕಾಶ.

ಫೋನನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡ. ಕಿವಿಮುಚ್ಚಳದ ಅಡಿಯಲ್ಲಿ ಇಯರ್‌ಫೋನ್. ಫೋನಿಗೆ ಹಾಕಿಕೊಂಡ ಪರೀಕ್ಷೆಯ ಪಾಠದಲ್ಲಿ ಒಂದು ಹೆಣ್ಣುದನಿ ಪ್ರಶ್ನೆ ಕೇಳಿ, ಹತ್ತು ಸೆಕೆಂಡು ಸುಮ್ಮನಿದ್ದು, ಆಮೇಲೆ ತಾನೇ ಉತ್ತರ ಹೇಳುತ್ತಿತ್ತು. ಆ ಹತ್ತು ಸೆಕೆಂಡು ಇವನದು. ಯಂತ್ರದ ಗದ್ದಲದಲ್ಲಿ ಬಾಯಿಗೆ ಬೆಲೆಯಿಲ್ಲ; ಕೆಳಗಿನವರು ಮಾತಾಡುವುದೇ ಕೈಸನ್ನೆಯಲ್ಲಿ. ಹಾಗಾಗಿ ಎಂಟು ತಿಂಗಳು ಇವನೂ ಕೈಯಲ್ಲೇ ಉತ್ತರ ಹೇಳಿದ. ಇಣುಕಿ ನೋಡಿದ ಅಡುಗೆಯವನು, ಲಿಬೋರಿಯೊ ಪಾದ್ರಿಯಾಗಿ ಪಂಪುಗಳಿಗೆ ಆಶೀರ್ವಾದ ಮಾಡುತ್ತಿದ್ದಾನೆ ಎಂದು ಹಡಗಿಗೆಲ್ಲ ಸುದ್ದಿ ಹಬ್ಬಿಸಿದ.

ಪರೀಕ್ಷೆಯ ಕೋಣೆಯಲ್ಲಿ ಗಡಿಯಾರದ ಸದ್ದೂ ಕೇಳುವಷ್ಟು ಮೌನ. ಎದುರು, ಮೇಜಿಗೆ ಮೊಣಕೈಯೂರಿ, ಇವನ ಅರ್ಧ ವಯಸ್ಸಿನ ಪರೀಕ್ಷಕಿ, ಇಂಜಿನಿಯರ್ ಮಂಗುಬಾಟ್. ಎಣ್ಣೆಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದಳು. ಲಿಬೋರಿಯೊನ ಹೆಬ್ಬೆರಳು ಕೆಳಗಾಯಿತು, ಮುಷ್ಟಿ ಮೇಲೆದ್ದಿತು, ಅಂಗೈ ಕತ್ತಿನ ಮುಂದೆ ಅಡ್ಡ ಸರಿಯಿತು. ಆಮೇಲೆ ಕೈಕಟ್ಟಿ ಕೂತ.

"ಬಾಯಲ್ಲಿ ಹೇಳಿ, ಮಾನೋಂಗ್," ಎಂದಳು, ಹಿರಿಯಣ್ಣನನ್ನು ಕರೆಯುವ ಹಾಗೆ.

"ಹೇಳ್ದೆನಲ್ಲ, ಮ್ಯಾಡಂ."

"ಎಲ್ಲಿ ಹೇಳಿದ್ರಿ? ನೀವು ತುಟಿನೇ ಬಿಚ್ಚಿಲ್ಲ."

ಅವನಿಗೆ ನಿಜಕ್ಕೂ ಹೇಳಿದಂತೆಯೇ ಅನಿಸಿತ್ತು. ಕುರ್ಚಿ ಕೈತಪ್ಪುತ್ತಿರುವುದು ಕಂಡಿತು. ಕಣ್ಣು ಮುಚ್ಚಿಕೊಂಡು ಶುರು ಮಾಡಿದ: ವೇಗ ಇಳಿಸುವುದು, ಮೇಲಕ್ಕೆ ತಿಳಿಸುವುದು, ಯಂತ್ರ ನಿಲ್ಲಿಸುವುದು. ದನಿ ಯಂತ್ರದ ಕೋಣೆಯ ಅಳತೆಯಲ್ಲೇ ಹೊರಟಿತು; ಪಕ್ಕದ ಕೋಣೆಯವರು ಬಾಗಿಲು ತೆರೆದು ನೋಡಿದರು. ಒಂದೂ ತಪ್ಪಿರಲಿಲ್ಲ.

ಅವಳು ಬರೆದುಕೊಂಡಳು. ಪೆನ್ನು ಕೆಳಗಿಟ್ಟು, "ಯಾರ ಜೊತೆ ಓದಿದ್ರಿ?" ಎಂದಳು.

"ಫೋನ್ ಪ್ರಶ್ನೆ ಕೇಳತ್ತೆ, ನಾನು ಕೈಯಲ್ಲಿ ಹೇಳ್ತೀನಿ."

"ಅದಕ್ಕೆ ಕಾಣತ್ತಾ?"

"ಇಲ್ಲ, ಮ್ಯಾಡಂ."

ಅವಳು ಸಹಿ ಹಾಕಿದಳು.

ಮುಂದಿನ ಸೋಮವಾರ ಲಿಬೋರಿಯೊ ತಲೆ ಬಾಚಿಕೊಂಡು ಆ ಕುರ್ಚಿಯಲ್ಲಿ ಕೂತ. ಬಿಸಿ ಸಾರು ಬಂತು. ಉಳಿದ ಮೂವರು ಗಾಜಿನ ಕೋಣೆಯೊಳಗೆ ಕೂತು ಯಂತ್ರ ನೋಡಿಕೊಂಡವರು, ಮೆಲುದನಿಯವರು. ಹಿರಿಯ ಇಂಜಿನಿಯರ್ ತಟ್ಟೆ ನೋಡುತ್ತ ಏನೋ ಹೇಳಿದ. ಹತ್ತೊಂಬತ್ತು ವರ್ಷ ಯಂತ್ರಕ್ಕೆ ಒಪ್ಪಿಸಿದ ಕಿವಿಗೆ ಅದು ಗುಂಯ್ ಎಂದಷ್ಟೇ ತಾಗಿತು. ಇಬ್ಬರು ನಕ್ಕರು. ಒಂದು ಕ್ಷಣ ತಡವಾಗಿ ಲಿಬೋರಿಯೊನೂ ನಕ್ಕ, ಬೇಕಾದ್ದಕ್ಕಿಂತ ಜೋರಾಗಿ. ಮೂವರೂ ತಲೆಯೆತ್ತಿ ಅವನನ್ನು ನೋಡಿದರು. ಅವನು ಸಾರಿನ ಕಡೆ ಬಗ್ಗಿದ.